ಮಾತಿಲ್ಲದ ಪಾತ್ರ

ಐದನೇ ಇಯತ್ತೆಯಲ್ಲಿದ್ದಾಗ ನಮ್ಮೂರ ಶಾಲೆಯ ಗ್ಯಾದರಿಂಗ್‌ನಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಆಡಿದ್ವಿ. ನಮ್ಮದು ಬೈಲಹೊಂಗಲದ ಕಡೆ ಹಳ್ಳಿ. ರಾಣಿಯ ಸಮಾಧಿ ಅಲ್ಲೇ ಇರೋದರಿಂದ ಆ ನಾಟಕದ ಮೇಲೆ ನಮಗೆಲ್ಲ ಪ್ರೀತಿ ಜಾಸ್ತಿ. ನನಗೆ ಸಿಕ್ಕಿದ್ದು ದತ್ತುಪುತ್ರ ಶಿವಲಿಂಗಪ್ಪನ ಪಾತ್ರ. ಜರಿ ರುಮಾಲು ಸುತ್ತಿಕೊಂಡು ಸುಮ್ಮನೆ ಕೂತಿರಬೇಕು, ಒಂದೂ ಮಾತಿಲ್ಲ!

ಮೊನ್ನೆ ಊರಿಗೆ ಹೋದಾಗ ಇದು ನೆನಪಾಯ್ತು. ನಾನೂ ನನ್ನ ಹೆಂಡತಿಯೂ ದತ್ತು ಮಗುವಿಗೆ ಅರ್ಜಿ ಹಾಕಿದೀವಿ, ನಾಲ್ಕು ವರ್ಷ ದಾಟಿದ ಮಗು ಕೇಳಿದೀವಿ ಅಂದೆ. ಆಯಿ ಮುಖ ಸಪ್ಪಗಾಯ್ತು.

"ದತ್ತಕ ತಗೊಳ್ಳೋದಾದ್ರ ನಿಮ್ಮಣ್ಣನ ಸಣ್ಣ ಮಗನ್ನ ತಗೋ ತಮ್ಮಾ. ಮನಿತನದ ಹೆಸರು ಉಳಿತೈತಿ. ಯಾರದೋ ಕೂಸು ಯಾಕ?"

ಆಯಿಯನ್ನು ದೂರಿ ಫಲವಿಲ್ಲ. ನಮ್ಮ ಇತಿಹಾಸವೇ ಹಾಗೆ ಮಾತಾಡುತ್ತೆ. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನು ತೆಗೆದುಕೊಂಡಿದ್ದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ, ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣು ಮುಚ್ಚಿದಳು. ಮುಂದೆ ಡಾಲ್‌ಹೌಸಿ ಇದನ್ನೇ ನೀತಿ ಮಾಡಿಕೊಂಡು 1848ರಲ್ಲಿ ಸಾತಾರಾ ನುಂಗಿದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತಗೊಂಡರೂ ಬ್ರಿಟಿಷರ ಒಪ್ಪಿಗೆ ಬಂದದ್ದು 1867ರಲ್ಲಿ.

ಈ ಜಗಳಗಳಲ್ಲೆಲ್ಲ ಪ್ರಶ್ನೆ ಒಂದೇ ನೋಡಿ: ಸಿಂಹಾಸನ ಯಾರಿಗೆ? ಸಾಮಾನ್ಯರ ಮನೆಯಲ್ಲೂ ಅಷ್ಟೇ. ಹೊಲ ಯಾರಿಗೆ, ಪಿಂಡ ಇಡೋರು ಯಾರು? ಅದಕ್ಕೇ ಹಳೇ ಶಾಸ್ತ್ರದ ದತ್ತಕ ಅಂದ್ರೆ ಗಂಡುಮಗು.

1956ರ ಹಿಂದೂ ದತ್ತಕ ಕಾಯ್ದೆ ಹೆಣ್ಣುಮಗುವನ್ನೂ ದತ್ತು ತಗೊಳ್ಳಬಹುದು ಅಂತು. ಮದುವೆಯಾಗದ ಹೆಂಗಸರಿಗೂ ವಿಧವೆಯರಿಗೂ ಸ್ವಂತವಾಗಿ ದತ್ತು ಪಡೆಯುವ ಹಕ್ಕು ಬಂತು. ಆಯಿ ಹೇಳಿದ ಹಾಗೆ ಅಣ್ಣನ ಮಗನನ್ನು ಈಗಲೂ ಈ ಕಾಯ್ದೆಯಡಿ ತಗೊಳ್ಳಬಹುದು. ಆದರೆ ಮುಸ್ಲಿಂ, ಕ್ರೈಸ್ತ, ಪಾರ್ಸಿಗಳಿಗೆ 1890ರ ಕಾಯ್ದೆಯ ಪೋಷಕತ್ವವೊಂದೇ ದಾರಿಯಾಗಿ ಉಳಿಯಿತು.

ನಿಜವಾದ ತಿರುವು ಬಂದದ್ದು ಒಂದು ಪತ್ರದಿಂದ. ವಿದೇಶಕ್ಕೆ ದತ್ತು ಹೋಗುವ ಮಕ್ಕಳ ಪಾಡಿನ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಬರೆದರು. ಅದನ್ನೇ ಅರ್ಜಿ ಅಂತ ತಗೊಂಡು 1984ರಲ್ಲಿ ನ್ಯಾಯಮೂರ್ತಿ ಭಗವತಿ ತೀರ್ಪು ಕೊಟ್ಟರು. 1990ರಲ್ಲಿ ಕೇಂದ್ರದ ದತ್ತು ಸಂಸ್ಥೆ 'ಕಾರಾ' ಶುರುವಾಯ್ತು. 2000ದ ಬಾಲನ್ಯಾಯ ಕಾಯ್ದೆಯಲ್ಲಿ ದತ್ತಕಕ್ಕೂ ಜಾಗ ಸಿಕ್ಕಿತು. ಯಾವ ಧರ್ಮದವರಾದರೂ ಇದರಡಿ ದತ್ತು ತಗೊಳ್ಳಬಹುದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ನಡೀತಿರೋದು 2015ರ ಕಾಯ್ದೆ.

ಪ್ರಕ್ರಿಯೆ ನಮ್ಮ ಆಫೀಸಿನ ರಿಲೀಸ್ ಚೆಕ್‌ಲಿಸ್ಟ್‌ಗಿಂತ ಉದ್ದ. ಆನ್‌ಲೈನ್ ನೋಂದಣಿ, ಆದಾಯ-ಆರೋಗ್ಯದ ದಾಖಲೆ. ಸಮಾಜ ಕಾರ್ಯಕರ್ತೆ ಮನೆಗೇ ಬಂದು ವರದಿ ಬರೀತಾರೆ. ಆಮೇಲೆ ಸರದಿಗಾಗಿ ಕಾಯೋದು. ಮಗುವಿನ ವಿವರ ಬಂದರೆ 48 ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು. ಮೊದಲು ಕೋರ್ಟ್ ಕೊಡುತ್ತಿದ್ದ ಆದೇಶವನ್ನು 2022ರ ಸೆಪ್ಟೆಂಬರ್‌ನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡ್ತಾರೆ. ನಂತರ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಬಂದು ನೋಡ್ತಾರೆ. ಇತ್ತ ಮಗುವನ್ನು ಒಪ್ಪಿಸಿದ ಹೆತ್ತವರಿಗೂ ಮನಸ್ಸು ಬದಲಿಸೋಕೆ 60 ದಿನ ಅವಕಾಶ ಇರುತ್ತೆ.

"ಇಷ್ಟ್ಯಾಕ ತಿಪ್ಪಲ?" ಅಂದಳು ಆಯಿ. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಆದರೆ ಕಾಯ್ದೆಯ 61ನೇ ಕಲಂ ಓದಿದಾಗ ನಿಂತುಬಿಟ್ಟೆ. ಆದೇಶ ಕೊಡೋ ಮುಂಚೆ ಮಗುವಿನ ಹಿತ ನೋಡಬೇಕು, ಹಣದ ವ್ಯವಹಾರ ನಡೆದಿರಬಾರದು, ಜೊತೆಗೆ ವಯಸ್ಸು-ತಿಳಿವಳಿಕೆಗೆ ತಕ್ಕಂತೆ ಮಗುವಿನ ಇಚ್ಛೆಯನ್ನೂ ಗಮನಿಸಬೇಕು. ಶಿವಲಿಂಗಪ್ಪನ ಪಾತ್ರಕ್ಕೆ ಕೊನೆಗೂ ಒಂದು ಮಾತು ಸಿಕ್ಕಿದೆ.

ಆಯಿಗೆ ಇದನ್ನೇ ಬಿಡಿಸಿ ಹೇಳಿದೆ.

"ಹಂಗಾರ ಆ ಕೂಸು ನಿಮ್ಮನ್ನ ಒಲ್ಲೆ ಅಂದ್ರ?"

"ಅನ್ನಬಹುದು ಆಯಿ."

ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಬಸ್ಸಿಗೆ ಹೊರಟಾಗ ಬಾಗಿಲಿಗೆ ಬಂದು ನಿಂತಳು.

"ಕೂಸು ಬರೂ ಮುಂದ ಫೋನ್ ಹಚ್ಚು. ಅದಕ್ಕ ಉಣ್ಣಾಕ ಏನ್ ಸೇರ್ತೈತಿ, ಅದನ್ನ ಕೇಳಿ ಹೇಳು."