ಆಟದಲ್ಲಿದ್ದೂ ಆಡದೆ ಕೂರುವ ಶಿಕ್ಷೆ

ಹಳೇ ನಿಯಮದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತಿದ್ವಿ. ನನ್ನ ಯೋಧನ ಮೇಲೆ 'ಹೋಲ್ಡ್ ಪರ್ಸನ್' ಮಂತ್ರ ಬಿತ್ತು. ಕೈಕಾಲು ಸ್ತಬ್ಧ! ಉಳಿದವರು ಕಾದಾಡ್ತಿದ್ರು, ನಾನು ಮೊಬೈಲ್ ನೋಡ್ತಾ ಕೂತೆ.

ಈ ಬೇಜಾರಿಗೂ ಇತಿಹಾಸ ಇದೆ ಗೆಳೆಯರೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಆಟ ತಂದಾಗ, 'ಸ್ಲೀಪ್' ಮಂತ್ರಕ್ಕೆ ಸಣ್ಣಪುಟ್ಟ ಶತ್ರುಗಳು ಗುಂಪುಗುಂಪಾಗಿ ಮಲಗಿಬಿಡ್ತಿದ್ದವು; ದಾಳ ಉರುಳಿಸಿ ತಪ್ಪಿಸಿಕೊಳ್ಳೋ ಅವಕಾಶವೇ ಇರಲಿಲ್ಲ. 2003ರ 3.5 ಆವೃತ್ತಿಯಲ್ಲಿ ಹೋಲ್ಡ್ ಪರ್ಸನ್‌ಗೆ ಸಿಕ್ಕವರಿಗೆ ಪ್ರತಿ ಸುತ್ತಲ್ಲೂ ಬಿಡಿಸಿಕೊಳ್ಳೋ ಪ್ರಯತ್ನ ಸಿಕ್ಕಿತು.

ಇನ್ನೊಂದು ತಲೆನೋವು: ಒಂದೇ ಮಂತ್ರಕ್ಕೆ ದೊಡ್ಡ ಡ್ರ್ಯಾಗನ್ ಕಟ್ಟಿಬಿದ್ರೆ ಕಾಳಗವೇ ಮುಗೀತು. ಹಾಗಾಗಿ 2014ರ ನಿಯಮಗಳಲ್ಲಿ ಅಂಥ ಡ್ರ್ಯಾಗನ್‌ಗೆ ದಿನಕ್ಕೆ 3 ಸಲ ಮಂತ್ರ ಕೊಡವಿಕೊಳ್ಳೋ ಶಕ್ತಿ ಬಂತು. 2024ರಲ್ಲಿ ಸ್ಲೀಪ್‌ಗೂ ದಾಳದ ಪರೀಕ್ಷೆ ಸೇರಿತು.

ಸೋತರೆ ನನಗೆ ಬೇಸರವಿಲ್ಲ. ನನ್ನ ಸರದಿ ಬಂದಾಗ ದಾಳ ಕೈಗೆ ಸಿಗಬೇಕು, ಅಷ್ಟೇ.