ರಂಭಾ ಹೇಳಿದ ಮದ್ದು

ಗಾಂಧೀಜಿ ಹುಟ್ಟಿನಿಂದಲೇ ಧೀರರೆಂದು ನಾವು ಭಾವಿಸುವುದುಂಟು. ಅವರ ಆತ್ಮಕಥೆಯ ಮೊದಲ ಅಧ್ಯಾಯಗಳು ಹೇಳುವುದು ಬೇರೆ. ರಾಜಕೋಟೆಯ ದಿವಾನರ ಆ ಮಗನಿಗೆ ಕತ್ತಲೆಂದರೆ ಪ್ರಾಣಭಯ. ಒಂದು ದಿಕ್ಕಿನಿಂದ ದೆವ್ವ, ಇನ್ನೊಂದರಿಂದ ಕಳ್ಳ, ಮತ್ತೊಂದರಿಂದ ಹಾವು ಬಂದೀತೆಂಬ ಕಲ್ಪನೆ. ಕೋಣೆಯಲ್ಲಿ ದೀಪವಿಲ್ಲದೆ ನಿದ್ರೆಯಿಲ್ಲ. ಹದಿಮೂರಕ್ಕೇ ಮದುವೆಯಾಗಿತ್ತು. ಕಸ್ತೂರಬಾ ಅವರಿಗಾದರೋ ಕತ್ತಲೆಯ ಅಂಜಿಕೆಯೇ ಇರಲಿಲ್ಲ. ತನ್ನ ಪುಕ್ಕಲುತನವನ್ನು ಆಕೆಗೆ ಹೇಳಿಕೊಳ್ಳಲು ಗಂಡನಿಗೆ ನಾಚಿಕೆ.

ಈ ಭಯಕ್ಕೆ ಎರಡು ಮದ್ದುಗಳು ಒದಗಿದ್ದವು. ಜೀವಂತ ಹಾವನ್ನು ಕೈಯಲ್ಲಿ ಹಿಡಿಯಬಲ್ಲೆನೆಂದು ಕೊಚ್ಚಿಕೊಳ್ಳುತ್ತಿದ್ದ ಗೆಳೆಯನೊಬ್ಬ ಮಾಂಸ ತಿನ್ನೆಂದ. ಕದ್ದು ತಿಂದದ್ದೂ ಆಯಿತು, ತಾಯಿತಂದೆಗೆ ಸುಳ್ಳಾಡಲಾರದೆ ಬಿಟ್ಟದ್ದೂ ಆಯಿತು. ಇನ್ನೊಂದು ಮದ್ದು ಮನೆಯ ದಾದಿ ರಂಭಾ ಹೇಳಿದ ರಾಮನಾಮ. ತನಗೆ ಮದ್ದಿಗಿಂತ ಅದನ್ನು ಹೇಳಿದವಳ ಮೇಲೆಯೇ ಹೆಚ್ಚು ನಂಬಿಕೆಯಿತ್ತೆಂದೂ, ಆ ಜಪ ಬಹಳ ಕಾಲ ನಡೆಯಲಿಲ್ಲವೆಂದೂ ಅವರೇ ಬರೆದಿದ್ದಾರೆ. ಈ ಮಾತು ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಶ್ರದ್ಧೆ ಮೊದಲು ಹುಟ್ಟಿದ್ದು ಒಬ್ಬ ಹೆಂಗಸಿನ ಮೇಲಣ ಪ್ರೀತಿಯಲ್ಲಿ. ದೇವರ ಹೆಸರು ಅದರ ಹಿಂದೆ ಬಂತು.

ಬಿತ್ತಿದ ಬೀಜ ಮೊಳೆತದ್ದು ತಡವಾಗಿ. 1908ರ ಫೆಬ್ರುವರಿ 10ರಂದು ಜೋಹಾನ್ಸ್‌ಬರ್ಗಿನ ಬೀದಿಯಲ್ಲಿ ಮೀರ್ ಆಲಂ ಎಂಬ ಪಠಾಣ ಹೊಡೆದಾಗ, ರಾಮನನ್ನು ಕರೆಯುತ್ತಲೇ ಅವರು ಪ್ರಜ್ಞೆ ತಪ್ಪಿದರು. ಎಚ್ಚರಾದಾಗ ವಿಚಾರಿಸಿದ್ದು ಮೀರ್ ಆಲಮನ ಗತಿಯೇನೆಂದು, ಆತನನ್ನು ಬಿಡಿಸಬೇಕೆಂದರು.

1915ರಲ್ಲಿ ಸ್ಥಾಪನೆಯಾದ ಆಶ್ರಮದ ವ್ರತಗಳಲ್ಲಿ ಅಭಯವೂ ಒಂದಾಯಿತು. 1930ರಲ್ಲಿ ಯರವಡಾ ಸೆರೆಮನೆಯಿಂದ ಬರೆದ ಪತ್ರಗಳಲ್ಲಿ ಅದರ ವಿವರಣೆಯಿದೆ. ಗೀತೆಯ ಹದಿನಾರನೆಯ ಅಧ್ಯಾಯದ ದೈವೀ ಗುಣಗಳಲ್ಲಿ ಅಭಯಕ್ಕೇ ಮೊದಲ ಸ್ಥಾನ. ರೋಗ, ಮರಣ, ಆಸ್ತಿಯ ನಷ್ಟ, ಅಪಕೀರ್ತಿ ಎಲ್ಲದರ ಭಯಕ್ಕೂ ಬೇರು ದೇಹದ ಮೋಹ. ಒಳಗಿನ ಕಾಮಕ್ರೋಧಗಳಿಗೆ ಮಾತ್ರ ಅಂಜಲೇಬೇಕು. ವ್ರತವೆಂದ ಮೇಲೆ ಅದು ದಿನದಿನವೂ ನಡೆಯಬೇಕಾದ ಅಭ್ಯಾಸವೆಂಬುದನ್ನು ಮರೆಯಬಾರದು.

ಆ ಅಭ್ಯಾಸದ ಕಠಿಣ ಪರೀಕ್ಷೆ ನಡೆದದ್ದು ಪೂರ್ವಬಂಗಾಳದ ನೌಖಾಲಿಯಲ್ಲಿ. 1946ರ ಅಕ್ಟೋಬರ್ ಗಲಭೆಯಲ್ಲಿ ಅಲ್ಲಿಯ ಹಿಂದೂಗಳು ತತ್ತರಿಸಿಹೋಗಿದ್ದರು. ಸೈನ್ಯದ ಕಾವಲಿನಿಂದ ಈ ಭಯ ನೀಗದೆಂದು ಗಾಂಧೀಜಿಯ ನಿಲುವು. ಸಂಗಡಿಗರನ್ನು ಹಳ್ಳಿಗೊಬ್ಬರಂತೆ ಹಂಚಿ, ತಾವು ಶ್ರೀರಾಮಪುರದಲ್ಲಿ ನಿಂತರು. ಅಲ್ಲಿ ಎಪ್ಪತ್ತೇಳರ ಆ ಮುದುಕ ಬಿದಿರಿನ ಕಾಲುಸಂಕ ದಾಟುವುದನ್ನು ಕಲಿತರು. ನಮ್ಮ ಮಲೆನಾಡಿನ ಸಂಕಕ್ಕೆ ಬಂಗಾಳಿಯಲ್ಲಿ ಸಾಂಕೊ ಎಂದೇ ಹೆಸರು. ಅದರ ಮೇಲೆ ಕಾಲಿಡುವುದೆಂದರೇನೆಂದು ಮಳೆಗಾಲ ಕಂಡ ಕೇಳುಗರು ಬಲ್ಲರು. 1947ರ ಜನವರಿಯಲ್ಲಿ ಬರಿಗಾಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದರು.

ಅಲ್ಲೊಂದು ತೊಡಕೂ ಎದುರಾಯಿತು. ಪ್ರಾರ್ಥನೆಯಲ್ಲಿ ರಾಮಧುನ್ ತೊಡಗಿದೊಡನೆ ಎಷ್ಟೋ ಮುಸ್ಲಿಮರು ಎದ್ದುಹೋಗುತ್ತಿದ್ದರು. ಒಬ್ಬರ ಅಂಜಿಕೆ ಕಳೆಯುವ ಹೆಸರು ಇನ್ನೊಬ್ಬರಿಗೆ ಪರಕೀಯವಾಗಿತ್ತು. ಆ ಹೆಸರನ್ನು ಅವರು ಬಿಡಲಿಲ್ಲ. ಮೊಮ್ಮಗಳ ವರಸೆಯ ಮನು ಅಲ್ಲಾನ ಹೆಸರೂ ಕೂಡಿದ ಧುನ್ ಹಾಡಿದಾಗ ಸಂತೋಷದಿಂದ ಒಪ್ಪಿದರು.

1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನಾ ಸಭೆಯ ಸಮೀಪದಲ್ಲೇ ಸ್ಫೋಟವಾಯಿತು. ಸಭೆಗೆ ಶಾಂತರಾಗಿರಲು ಹೇಳಿ ಅವರು ಮಾತು ಮುಂದುವರಿಸಿದರು. ಬರುವವರನ್ನು ಶೋಧಿಸಬೇಕೆಂದು ಪೊಲೀಸರು ಕೇಳಿದಾಗ, ಪ್ರಾರ್ಥನೆಗೆ ಬಂದವರ ಮೈ ತಡವುವುದು ಕೂಡದೆಂದರು.