ಅಗಾದೆಸ್ ಸುಲ್ತಾನರು

ಆಫ್ರಿಕದ ನೈಜರ್ ದೇಶದ ಉತ್ತರ ಭಾಗದಲ್ಲಿ, ಐರ್ ಬೆಟ್ಟಸಾಲಿನ ತಪ್ಪಲಲ್ಲಿರುವ ಅಗಾದೆಸ್ ಪಟ್ಟಣದಿಂದ ಹದಿನೈದನೆಯ ಶತಮಾನದಿಂದೀಚೆಗೆ ಪಟ್ಟವಾಳುತ್ತ ಬಂದ ಮನೆತನ. ಐರ್ ಸುಲ್ತಾನರೆಂದೂ ಹೆಸರುಂಟು. ಇವರಿಗೆ ಹೇಳಿಕೊಳ್ಳುವಂಥ ಸೈನ್ಯವಿರಲಿಲ್ಲ. ಮರಳುಗಾಡಿನಲ್ಲಿ ಭೂಕಂದಾಯದ ಮಾತೇ ಇಲ್ಲ. ಪಟ್ಟ ಉಳಿದದ್ದು ಒಂಟೆಗಳ ಸಾರ್ಥಗಳಿಂದ.

ಮನೆತನದ ಮೂಲದ ಬಗೆಗೆ ಒಂದು ಐತಿಹ್ಯವಿದೆ. ಐರ್‌ನ ತುವಾರೆಗ್ ಜನಾಂಗದ ಕುಲಗಳು ಒಂದನ್ನೊಂದು ಒಪ್ಪದೆ ಹೋದಾಗ, ಹಿರಿಯರು ಇಸ್ತಾಂಬುಲ್‌ಗೆ ಹೋಗಿ ಅಲ್ಲಿನ ದೊರೆಯಿಂದ ಒಬ್ಬ ರಾಜಕುಮಾರನನ್ನು ಬೇಡಿ ತಂದರಂತೆ. ಮೊದಲ ಸುಲ್ತಾನ ಯೂನುಸ್ ಪಟ್ಟಕ್ಕೆ ಬಂದದ್ದು 1405ರಲ್ಲಿ ಎಂದು ಪರಂಪರೆ ಹೇಳುತ್ತದೆ. ಆಟೊಮನ್ ತುರ್ಕರು ಆ ನಗರವನ್ನು ಗೆದ್ದದ್ದು 1453ರಲ್ಲಿ. ಲೆಕ್ಕ ಕೂಡುವುದಿಲ್ಲ. ಆದರೂ ಕಥೆಯ ಒಳತಿರುಳು ಸುಳ್ಳಲ್ಲ. ಯಾವ ಕುಲಕ್ಕೂ ಸೇರದ ಒಬ್ಬ ನ್ಯಾಯಸ್ಥ ಬೇಕಾಗಿದ್ದ. ಸುಂಕ ಎತ್ತುವುದು, ಕುಲಕುಲಗಳ ಜಗಳ ಬಿಡಿಸುವುದು, ದಾರಿ ಕಾಯುವವರನ್ನು ಸಂಭಾಳಿಸುವುದು ಅವನ ಕೆಲಸ. ಅವನು ಸರಿಬರಲಿಲ್ಲವೆಂದರೆ ಪಟ್ಟದಿಂದ ಇಳಿಸುವವರೂ ಆ ಕುಲಗಳವರೇ. ಹೀಗೆ ಇಳಿದವರು ಒಬ್ಬಿಬ್ಬರಲ್ಲ.

ವ್ಯಾಪಾರ ಪಟ್ಟಕ್ಕಿಂತ ಹಳೆಯದು. 1353ರಲ್ಲಿ ಪ್ರವಾಸಿ ಇಬ್ನ್ ಬತೂತ ಅಗಾದೆಸ್‌ನ ಪಶ್ಚಿಮಕ್ಕಿದ್ದ ತಕೆದ್ದಾ ಊರಿಗೆ ಬಂದು, ಅಲ್ಲಿ ತಾಮ್ರದ ಅದುರು ಅಗೆದು ಮನೆಗಳಲ್ಲೇ ಕರಗಿಸುವುದನ್ನು ಕಂಡ. ಅವನು ಉತ್ತರಕ್ಕೆ ಮರಳಿದ ಸಾರ್ಥದಲ್ಲಿ ಆರುನೂರು ಗುಲಾಮ ಹೆಂಗಸರಿದ್ದರು. ಸಹಾರಾ ವ್ಯಾಪಾರದ ಲಾಭವನ್ನು ಎಣಿಸುವಾಗ ಈ ಸಂಖ್ಯೆಯನ್ನು ಬಿಟ್ಟು ಎಣಿಸುವಂತಿಲ್ಲ.

ಹದಿನಾರನೆಯ ಶತಮಾನದ ಆರಂಭದಲ್ಲಿ ಸೊಂಘಾಯ್ ರಾಜ್ಯದ ದೊರೆ ಅಸ್ಕಿಯಾ ಮುಹಮ್ಮದ್ ಅಗಾದೆಸ್‌ನ ಮೇಲೆ ಏರಿ ಬಂದು ಕಪ್ಪ ಹೇರಿದ. 1591ರಲ್ಲಿ ಮೊರಾಕ್ಕೊ ಸೇನೆಯಿಂದ ಸೊಂಘಾಯ್ ರಾಜ್ಯ ಮುರಿದು ಬಿತ್ತು. ಅದರ ನುಡಿ ಮಾತ್ರ ಊರಲ್ಲಿ ಉಳಿಯಿತು. 1850ರಲ್ಲಿ ಇಲ್ಲಿಗೆ ಬಂದ ಜರ್ಮನ್ ಪ್ರವಾಸಿ ಹೈನ್‌ರಿಶ್ ಬಾರ್ತ್, ಪಟ್ಟಣದ ಜನರ ಮಾತು ದೂರದ ಟಿಂಬಕ್ಟುವಿನ ಸೊಂಘಾಯ್ ಮಾತಿಗೆ ನೆಂಟೆಂದು ಗುರುತಿಸಿದ.

ಊರಿನ ಮಸೀದಿಯ ಗೋಪುರ 27 ಮೀಟರ್ ಎತ್ತರ, ಕಟ್ಟಿದ್ದೆಲ್ಲ ಹಸಿಮಣ್ಣಿನಲ್ಲಿ. ಗೋಡೆಯಿಂದ ಮರದ ತೊಲೆಗಳು ಮುಳ್ಳುಗಳಂತೆ ಹೊರಚಾಚಿಕೊಂಡಿವೆ: ಒಳಗೆ ಮಣ್ಣನ್ನು ಹಿಡಿದಿಡುತ್ತವೆ, ಹೊರಗೆ ಮೆತ್ತುವವರ ಕಾಲಿಗೆ ಆಸರೆ. 1515ರಲ್ಲಿ ಕಟ್ಟಿದ್ದೆಂದು ಪ್ರತೀತಿ. 1844ರಲ್ಲಿ ಮತ್ತೆ ಕಟ್ಟಲಾಯಿತು.

ದಕ್ಷಿಣದ ಕಾನೊ ಮಾರುಕಟ್ಟೆಯಿಂದ ಉತ್ತರದ ಘಾತ್, ಟ್ರಿಪೊಲಿಗಳತ್ತ ಹದಮಾಡಿದ ತೊಗಲು, ಉಷ್ಟ್ರಪಕ್ಷಿಯ ಗರಿ, ಗುಲಾಮರು ಅಗಾದೆಸ್ ದಾರಿಯಲ್ಲೇ ಹೋಗುತ್ತಿದ್ದರು. ಆದರೆ ಅಗಾದೆಸ್‌ನ ವರ್ಷಚಕ್ರವನ್ನು ತಿರುಗಿಸುತ್ತಿದ್ದದ್ದು ಉಪ್ಪು. ಮಳೆ ಮುಗಿದ ಮೇಲೆ ತುವಾರೆಗರು ಸಜ್ಜೆ ಹೇರಿಕೊಂಡು ಪೂರ್ವಕ್ಕೆ ತೆನೆರೆ ಮರಳುಗಾಡು ದಾಟಿ, ಸುಮಾರು 600 ಕಿ.ಮೀ. ದೂರದ ಬಿಲ್ಮಾಕ್ಕೆ ಹೋಗುತ್ತಿದ್ದರು. (ನಮ್ಮ ಉತ್ತರ ಕರ್ನಾಟಕದ ರೊಟ್ಟಿಯ ಸಜ್ಜೆಯೂ ಮೂಲದಲ್ಲಿ ಸಹಾರಾದ ದಕ್ಷಿಣದಂಚಿನ ಈ ಸಹೇಲ್ ಸೀಮೆಯದೇ.) ದಾರಿಯಲ್ಲಿ ಹುಲ್ಲುಕಡ್ಡಿ ಇಲ್ಲ. ಒಂಟೆಗಳ ಮೇವನ್ನೂ ಒಂಟೆಗಳೇ ಹೊರಬೇಕಿತ್ತು. ಬರುವಾಗ ಬೇಕಾದ ಹುಲ್ಲಿನ ಹೊರೆಗಳನ್ನು ಹೋಗುವಾಗಲೇ ಅಲ್ಲಲ್ಲಿ ಇಳಿಸಿ ಹೋಗುತ್ತಿದ್ದರು. ದಿನಕ್ಕೆ ಹದಿನೈದು ಗಂಟೆಯ ನಡಿಗೆ. ಹೇರು ಇಳಿಸಿದರೆ ಮತ್ತೆ ಏರಿಸುವುದು ಕಷ್ಟವೆಂದು ನಡುವೆ ನಿಲ್ಲುತ್ತಿರಲಿಲ್ಲ, ಚಹಾ ಕುಡಿಯುವುದೂ ನಡೆಯುತ್ತಲೇ.

ಬಿಲ್ಮಾದಲ್ಲಿ ಗುಂಡಿ ತೋಡಿದರೆ ಉಪ್ಪುನೀರು ಒಸರುತ್ತದೆ. ಬಿಸಿಲಿಗೆ ಮೇಲೆ ಕಟ್ಟುವ ಪದರವನ್ನು ಒಡೆದು ತೆಗೆಯುತ್ತಾರೆ. ದನಕರುಗಳಿಗೆ ಕೊಡುವ ಒರಟು ಉಪ್ಪನ್ನು ಖರ್ಜೂರದ ಬೊಡ್ಡೆಯಲ್ಲಿ ಕೊರೆದ ಅಚ್ಚಿಗೆ ತುಂಬಿ ಬಡಿದು ಒಣಗಿಸಿದರೆ ಕಂದುಬಣ್ಣದ ಗೂಟವೊಂದು ಸಿದ್ಧ, ಅದೇ ಕಂತು. ನೋಡಿದರೆ ದೈತ್ಯರಿಗೆಂದು ಮಾಡಿದ ಅಚ್ಚುಬೆಲ್ಲ. ಈ ಕಂತುಗಳು ದಕ್ಷಿಣದ ಹೌಸಾ ಸೀಮೆಗೆ ಹೋಗಿ ಸಜ್ಜೆಯಾಗಿ, ಬಟ್ಟೆಯಾಗಿ ಹಿಂತಿರುಗುತ್ತಿದ್ದವು. ಬಾರ್ತ್ ಕಂಡ ಅಗಾದೆಸ್ ಪೇಟೆಯಲ್ಲಿ ಬೆಳ್ಳಿಯಾಗಲಿ ಕವಡೆಯಾಗಲಿ ನಡೆಯುತ್ತಿರಲಿಲ್ಲ. ಸಜ್ಜೆಯೇ ಬೆಲೆಯ ಅಳತೆ. ಸುಲ್ತಾನ ಹೊರಗಿನ ಸರಕಿನ ಹೇರಿಗೆ ಸುಂಕ ಹಾಕುತ್ತಿದ್ದ, ಆಹಾರಧಾನ್ಯಕ್ಕೆ ಮಾತ್ರ ಇಲ್ಲ. ಉಪ್ಪಿನ ಸಾರ್ಥದ ಜೊತೆ ಸರ್ಕಿನ್ ತುರಾವಾ ಎಂಬ ಆಸ್ಥಾನಾಧಿಕಾರಿ ಹೋಗುತ್ತಿದ್ದ, ಅವನ ಪಾಲೂ ಉಪ್ಪಿನಲ್ಲೇ.

ಬಾರ್ತ್ ಬಂದ ವೇಳೆಗಾಗಲೇ ಊರು ಸೊರಗಿತ್ತು. ಹಿಂದೊಮ್ಮೆ 50,000 ಜನರಿದ್ದಿರಬೇಕೆಂದು ಅಂದಾಜಿಸಿದ ಬಾರ್ತ್, ತಾನು ಕಂಡದ್ದು ಸುಮಾರು 7,000 ಎಂದ, ಮನೆಗಳು ಪಾಳುಬಿದ್ದಿದ್ದವು. ಉಪ್ಪು ಮಾತ್ರ ನಿಲ್ಲಲಿಲ್ಲ. 1906ರ ಸಾರ್ಥದಲ್ಲಿ ಸುಮಾರು 20,000 ಒಂಟೆಗಳಿದ್ದವೆಂದು ಲೆಕ್ಕ. ಫ್ರೆಂಚರು ಅಷ್ಟರಲ್ಲಿ ಬಂದಾಗಿತ್ತು. ತಮ್ಮ ಸೇನೆಗೆಂದು ಒಂಟೆಗಳನ್ನು ಕಸಿಯತೊಡಗಿದಾಗ ಕುಲಗಳು ಸಿಡಿದವು. 1916ರ ಡಿಸೆಂಬರ್‌ನಲ್ಲಿ ಕಾವೊಸೆನ್ ಎಂಬ ನಾಯಕ ಅಗಾದೆಸ್‌ನ ಫ್ರೆಂಚ್ ಠಾಣೆಗೆ ಮುತ್ತಿಗೆ ಹಾಕಿದ. ಸುಲ್ತಾನ ತೆಗಾಮ ಅವನ ಕಡೆ ನಿಂತ. 1917ರ ಮಾರ್ಚ್‌ನಲ್ಲಿ ಮುತ್ತಿಗೆ ಮುರಿಯಿತು, ಆಮೇಲೆ ಫ್ರೆಂಚರ ಪ್ರತೀಕಾರಕ್ಕೆ ಅನೇಕರು ಬಲಿಯಾದರು. ಕಾವೊಸೆನ್‌ನನ್ನು 1919ರಲ್ಲಿ ಲಿಬಿಯಾದ ಮುರ್ಜುಕ್‌ನಲ್ಲಿ ಗಲ್ಲಿಗೇರಿಸಲಾಯಿತು. ತೆಗಾಮ ಮರುವರ್ಷ ಸೆರೆಯಲ್ಲೇ ಸತ್ತ.

ಮುಂದೆ ಲಾರಿಗಳು ಬಂದವು. ತೆನೆರೆಯಲ್ಲಿ ಸಾರ್ಥಗಳಿಗೆ ಗುರುತಾಗಿದ್ದ ಒಂಟಿ ಜಾಲಿಮರವನ್ನು 1973ರಲ್ಲಿ ಲಾರಿಯೊಂದು ಗುದ್ದಿ ಉರುಳಿಸಿತು; ಅದರ ಬೊಡ್ಡೆ ಈಗ ರಾಜಧಾನಿ ನಿಯಾಮೆಯ ವಸ್ತುಸಂಗ್ರಹಾಲಯದಲ್ಲಿದೆ. ಅಗಾದೆಸ್‌ನ ಹಳೆಯ ಪಟ್ಟಣ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸುಲ್ತಾನ ಪದವಿಗೆ ಇಂದು ರಾಜ್ಯಾಧಿಕಾರವಿಲ್ಲ. ಮಸೀದಿಯ ಪಕ್ಕದ ಮಣ್ಣಿನ ಅರಮನೆಯಲ್ಲಿ ಅದು ಮುಂದುವರಿದಿದೆ. 1960ರಿಂದ ಪಟ್ಟದಲ್ಲಿದ್ದ ಇಬ್ರಾಹಿಂ ಒಮರೂ 2012ರಲ್ಲಿ ತೀರಿಕೊಂಡ ಮೇಲೆ ಅವರ ಮಗ ಒಮರೂ ಇಬ್ರಾಹಿಂ ಒಮರೂ ಪಟ್ಟಕ್ಕೆ ಬಂದರು.